ಕಡಲು ಬಾಗಿಲು ಹಾಕುವ ಹೊತ್ತು

ಬಂಡೆಗಳ ಕರಾವಳಿಯಲ್ಲಿ ನಡೆದು ಬಂದವರು ಹಾಕುವ ಚಿತ್ರಗಳ ಕೆಳಗೆ ಇಂಥದೊಂದು ಸಾಲು ಇದ್ದೇ ಇರುತ್ತದೆ: ಆರು ಕಿಲೋಮೀಟರ್, ಸುಲಭದ ನಡಿಗೆ, ಕೊನೆಯಲ್ಲಿ ಯಾರಿಗೂ ಗೊತ್ತಿಲ್ಲದ ಪುಟ್ಟ ಕೊಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಚಿತ್ರ ತೆಗೆದದ್ದು ಎಷ್ಟು ಹೊತ್ತಿಗೆ, ಆಗ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ, ಹುಣ್ಣಿಮೆಯ ಆಸುಪಾಸೋ ಅಷ್ಟಮಿಯ ಆಸುಪಾಸೋ ಎಂದು ಯಾರೂ ಬರೆಯುವುದಿಲ್ಲ. ಬೆಟ್ಟದ ದಾರಿ ಬೆಳಗ್ಗೆ ಇದ್ದಲ್ಲೇ ಸಂಜೆಯೂ ಇರುತ್ತದೆ. ಕಡಲಂಚಿನ ದಾರಿ ಹಾಗಲ್ಲ, ದಿನಕ್ಕೆ ಎರಡು ಸಲ ಅದು ಇಲ್ಲವಾಗುತ್ತದೆ.

ನಾನು ಇದನ್ನು ಕಲಿತದ್ದು ಇಂಥದೇ ಒಂದು ಸಾಲನ್ನು ನಂಬಿ ಹೋದ ದಿನ. ನಾಲ್ವರು ಹೊರಟಿದ್ದೆವು. ಮಧ್ಯಾಹ್ನ ಹನ್ನೆರಡೂವರೆಗೆ ಭೂಶಿರವೊಂದರ ಬುಡ ಸುತ್ತಿ, ಒದ್ದೆ ಮರಳಿನ ಮೇಲೆ ಹೆಜ್ಜೆ ಮೂಡಿಸುತ್ತ ಕೊಲ್ಲಿಯೊಳಗೆ ಹೋದೆವು. ಮೂರು ಕಡೆ ಕಡಿದಾದ ಬಂಡೆ, ಎದುರಿಗೆ ಹಸಿರು ನೀರು, ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ. ಉಂಡೆವು, ಒಬ್ಬಿಬ್ಬರು ನಿದ್ದೆಯನ್ನೂ ಮಾಡಿದೆವು. ಮೂರು ಗಂಟೆಗೆ ಎದ್ದು ನೋಡಿದರೆ ಬಂದ ದಾರಿಯೇ ಇರಲಿಲ್ಲ. ಭೂಶಿರದ ಬುಡದಲ್ಲಿ ಮೊಣಕಾಲುದ್ದ ನೀರು, ಅದರ ಮೇಲೆ ಬಂಡೆಗೆ ಬಡಿದು ಮರಳುವ ಅಲೆ. ಮೊಣಕಾಲುದ್ದ ತಾನೆ, ಓಡಿಬಿಡೋಣ ಎಂದರು ಒಬ್ಬರು. ನಾನೂ ಒಪ್ಪಿಬಿಟ್ಟಿದ್ದೆ. ಅಷ್ಟರಲ್ಲಿ ಬಂದ ಅಲೆಯೊಂದು ಕಲ್ಲಿನ ಮೇಲೆ ಇಟ್ಟಿದ್ದ ಚೀಲವನ್ನು ಎತ್ತಿಕೊಂಡು ಹೋಯಿತು. ತುಂಬಿದ ಚೀಲ ಅದು. ಮತ್ತೆ ಯಾರೂ ಓಡುವ ಮಾತೆತ್ತಲಿಲ್ಲ.

ಆ ಹೊತ್ತಿನಲ್ಲಿ ನಮ್ಮನ್ನು ಉಳಿಸಿದ್ದು ಬಂಡೆಯ ಮೇಲಿನ ಬಣ್ಣ. ಜೊತೆಗಿದ್ದ ಗೆಳತಿ ಅದನ್ನು ಓದಬಲ್ಲವಳಾಗಿದ್ದಳು. ಕೆಳಗೆ ಬಿಳಿ ಹುರುಪೆಯಂತೆ ಒತ್ತಾಗಿ ಅಂಟಿಕೊಂಡಿದ್ದ ಬಾರ್ನಕಲ್ ಎಂಬ ಪುಟ್ಟ ಚಿಪ್ಪಿನ ಕಡಲಜೀವಿಗಳನ್ನು ತೋರಿಸಿ, "ಇವು ಇರುವಷ್ಟು ಎತ್ತರಕ್ಕೆ ನೀರು ಬಂದೇ ಬರುತ್ತದೆ" ಎಂದಳು. ಅದರ ಮೇಲೆ ಡಾಂಬರು ಬಳಿದಂತೆ ಒಂದು ಕಪ್ಪು ಪಟ್ಟೆ. ಕೈಯಿಟ್ಟರೆ ಜಾರುತ್ತಿತ್ತು. ಅದು ಅಲೆಯ ಸಿಂಪಡಿಕೆಯಲ್ಲಿ ಬದುಕುವ ಕಲ್ಲುಹೂವು. ಇನ್ನೂ ಮೇಲೆ ಕಿತ್ತಳೆ ಬಣ್ಣದ ಕಲ್ಲುಹೂವು, ಅದರಾಚೆ ಒಂದಿಷ್ಟು ಒಣಹುಲ್ಲು ಬೆಳೆದ ಜಗಲಿಯಂಥ ಚಾಚು. ಬಹಳಷ್ಟು ಬಂಡೆ ಕರಾವಳಿಗಳಲ್ಲಿ ಈ ಪಟ್ಟೆಗಳು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಇರುತ್ತವೆ. ನಾವು ಹುಲ್ಲಿನ ಜಗಲಿಗೆ ಹತ್ತಿ ಕುಳಿತೆವು. ಐದೂವರೆಗೆ ಉಬ್ಬರ ತುಂಬಿದಾಗ ನಾವು ಊಟ ಮಾಡಿದ ಜಾಗದ ಮೇಲೆ ಆಳೆತ್ತರದ ನೀರು. ದಾರಿ ಮತ್ತೆ ತೆರೆದದ್ದು ರಾತ್ರಿ ಒಂಬತ್ತಕ್ಕೆ. ಹುಣ್ಣಿಮೆಯ ಬೆಳಕಿನಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ, ಒಬ್ಬರ ಕೈ ಒಬ್ಬರು ಹಿಡಿದು ದಾಟಿದೆವು.

ಅದೇ ಹುಣ್ಣಿಮೆ ನಮ್ಮನ್ನು ಸಿಕ್ಕಿಸಿಯೂ ಹಾಕಿತ್ತು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಆ ದಿನಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಹೆಚ್ಚು ಇಳಿಯುವುದೇ ಮೋಸ. ಬೇರೆ ದಿನ ಕಾಣದ ಮರಳ ದಾರಿ ಅಂದು ಕಾಣುತ್ತದೆ, ನಾವು ನುಗ್ಗುತ್ತೇವೆ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಹೊತ್ತು ದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ, ನಿನ್ನೆ ಹೋಗಿ ಬಂದವರ ಮಾತು ಇಂದಿಗೆ ಹಳಸಲು. ಇನ್ನೊಂದು ಸಂಗತಿ ನಾವಿಕರಿಗೆ ಚೆನ್ನಾಗಿ ಗೊತ್ತು. ಇಳಿತದಿಂದ ಉಬ್ಬರಕ್ಕೆ ಹಿಡಿಯುವ ಸುಮಾರು ಆರು ಗಂಟೆಯೂ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಏರಿಕೆಯ ಅರ್ಧದಷ್ಟು ಮೂರನೆಯ ಮತ್ತು ನಾಲ್ಕನೆಯ ಗಂಟೆಯಲ್ಲೇ ಆಗುತ್ತದೆ. ನಾವು ನಿದ್ದೆ ಮಾಡಿದ್ದು ಸರಿಯಾಗಿ ಆ ಹೊತ್ತಿನಲ್ಲಿ.

ಹಾಗಾದರೆ ನೀರು ಮುಟ್ಟದ, ಬಂಡೆಗಳ ನೆತ್ತಿಯ ದಾರಿಯಲ್ಲಿ ನಡೆದರೆ ಕಿಲೋಮೀಟರ್ ಲೆಕ್ಕ ಸಾಕೇ? ಅದೂ ಸಾಲದು. ಇಂಗ್ಲೆಂಡಿನ ನೈಋತ್ಯ ಕರಾವಳಿ ಹಾದಿಯ ಉದ್ದ 1,014 ಕಿಲೋಮೀಟರ್. ಪ್ರತಿ ಕೊಲ್ಲಿಗೂ ಇಳಿದು ಮತ್ತೆ ಹತ್ತಬೇಕಾದ್ದರಿಂದ ಒಟ್ಟು ಏರುವ ಎತ್ತರ ಸುಮಾರು 35,000 ಮೀಟರ್, ಎವರೆಸ್ಟಿನ ನಾಲ್ಕು ಪಟ್ಟಿಗೆ ಹತ್ತಿರ. ಆ ಹಾದಿಯಲ್ಲಿ ಸಿಗುವ ಲಲ್‌ವರ್ತ್ ಕೊಲ್ಲಿಯನ್ನು ನೋಡಿದರೆ ಇಂಥ ಜಾಗಗಳು ಹುಟ್ಟುವ ಬಗೆ ಅರ್ಥವಾಗುತ್ತದೆ. ಮುಂದೆ ಗಟ್ಟಿ ಸುಣ್ಣಕಲ್ಲಿನ ಗೋಡೆ, ಹಿಂದೆ ಮೆದು ಜೇಡಿ. ಗೋಡೆಯಲ್ಲಿ ಒಂದು ಕಡೆ ಕಂಡಿ ಬಿದ್ದೊಡನೆ ಕಡಲು ಒಳಗೆ ನುಗ್ಗಿ ಮೆದುವಾದುದನ್ನೆಲ್ಲ ಬಳಿದುಕೊಂಡು ಹೋಯಿತು. ಬಾಯಿ ಕಿರಿದು, ಹೊಟ್ಟೆ ಅಗಲ. ನಮಗೆ ಮುದ್ದಾಗಿ ಕಾಣುವ ಆ ದುಂಡು ಕಡಲು ಕೊರೆದ ಗಾಯ, ಕೊರೆತ ಇನ್ನೂ ನಿಂತಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ಕರಾವಳಿಯಲ್ಲಿ 1990ರ ಜನವರಿಯಲ್ಲಿ ಕಲ್ಲಿನ ಕಮಾನೊಂದು ಕುಸಿದು ಇಬ್ಬರು ಪ್ರವಾಸಿಗರು ಆಚೆ ತುದಿಯಲ್ಲಿ ಉಳಿದುಹೋದರು, ಹೆಲಿಕಾಪ್ಟರ್ ತಂದು ಅವರನ್ನು ಇಳಿಸಬೇಕಾಯಿತು. ಆದ್ದರಿಂದಲೇ ನೀರು ಬಂತೆಂದು ಬಂಡೆ ಹತ್ತಿ ಮೇಲಕ್ಕೆ ಪಾರಾಗುವ ಯೋಚನೆ ಬೇಡ ಎನ್ನುತ್ತೇನೆ. ಕೈಗೆ ಸಿಕ್ಕ ಕಲ್ಲು ಕೈಯಲ್ಲೇ ಕಳಚಿ ಬಂದೀತು.

ಮೆಡಿಟರೇನಿಯನ್ ತೀರದಲ್ಲಿ ಉಬ್ಬರ ತೀರ ಕಡಿಮೆ, ಅಲ್ಲಿ ಕಡಲು ಬಾಗಿಲು ಹಾಕುವುದಿಲ್ಲ. ಕೊನೆಗೆ ಮನುಷ್ಯರೇ ಹಾಕಬೇಕಾಯಿತು. ಫ್ರಾನ್ಸಿನ ಮಾರ್ಸೇ ಬಳಿಯ ಕಲಾಂಕ್ ರಾಷ್ಟ್ರೀಯ ಉದ್ಯಾನದ ಸುಜಿಟೋನ್ ಕೊಲ್ಲಿಗೆ 2022ರಿಂದ ಬೇಸಿಗೆಯ ದಟ್ಟಣೆಯ ದಿನಗಳಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು, ದಿನಕ್ಕೆ 400 ಜನರಿಗೆ ಮಾತ್ರ ಅವಕಾಶ. ಕಾಲ್ತುಳಿತಕ್ಕೆ ಅಲ್ಲಿನ ಮಣ್ಣು ಸವೆದು, ಮರದ ಬೇರುಗಳು ಬಯಲಾಗಿದ್ದವು. ಕೆಲವರಿಗೆ ಇದು ಅತಿ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಎಲ್ಲ ಹೊತ್ತಿನಲ್ಲೂ ಎಲ್ಲರಿಗೂ ತೆರೆದಿರುವ ಕೊಲ್ಲಿ ಕೊಲ್ಲಿಯಾಗಿ ಉಳಿಯಲಾರದು.

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ನಾನೇ ಮುಂದಿನ ತಿಂಗಳು ಹೋಗುತ್ತಿದ್ದೇನೆ. ಇಳಿತ ಮುಗಿಯುವ ಎರಡು ಗಂಟೆ ಮೊದಲು ಕೊಲ್ಲಿ ತಲುಪುವ ಹಾಗೆ ಹೊರಟು, ನೀರು ತಿರುಗುವ ಮೊದಲೇ ಎದ್ದುಬರುವುದು ನನ್ನ ಲೆಕ್ಕ. ಆ ಕಡೆಯ ಉಬ್ಬರ ಇಳಿತದ ಪಟ್ಟಿಯನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಬಂಡೆಗಳ ನಡುವೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಿಮ್ಮಲ್ಲಿ ನನ್ನ ಕೋರಿಕೆ ಒಂದೇ: ಚಿತ್ರ ಹಾಕುವಾಗ ಅದರ ಹೊತ್ತನ್ನೂ ಬರೆಯಿರಿ.

ನಾನೂ ಬರೆಯುತ್ತೇನೆ. ಇದರ ಜೊತೆಗಿರುವ ಚಿತ್ರ ಆ ದಿನದ್ದು. ತೆಗೆದದ್ದು ಮಧ್ಯಾಹ್ನ 12.50ಕ್ಕೆ, ಹುಣ್ಣಿಮೆಯ ದಿನ, ನೀರು ಏರುತ್ತಿತ್ತು. ಎಡಗಡೆ ಬಂಡೆಯ ಬುಡದಲ್ಲಿ ಕಾಣುವ ಮರಳಿನ ಪಟ್ಟಿಯೇ ನಾವು ಬಂದ ದಾರಿ. ಮೂರು ಗಂಟೆಗೆ ಅದು ಇರಲಿಲ್ಲ.