ಅದೇ ಅದೇ ಬರ್ತಿದೆಯಲ್ಲೋ

ಸಿನಿಮಾ ಮುಗಿದಿತ್ತು. ಪರದೆ ಮೇಲೆ ಹೆಸರುಗಳು ಓಡಲು ಶುರುವಾಗಿದ್ದವು. ನಾನು ಅಭ್ಯಾಸದಂತೆ ಎದ್ದು ನಿಂತು ಜಾಕೆಟ್ಟಿನ ಒಂದು ತೋಳಿಗೆ ಕೈ ಹಾಕಿದ್ದೆ. ಪಕ್ಕದ ಸೀಟಿನ ವಯಸ್ಸಾದ ಹೆಂಗಸು ತಲೆಯೆತ್ತಿ ನನ್ನನ್ನು ನೋಡಿದರು. ಬೈಯುವ ನೋಟ ಅಲ್ಲ. ‘ಯಾಕಪ್ಪಾ, ಹುಷಾರಿಲ್ವಾ?’ ಅನ್ನುವಂಥ ನೋಟ. ಸುತ್ತ ನೋಡಿದೆ. ಅಷ್ಟು ಜನರಲ್ಲಿ ನಿಂತಿದ್ದವನು ನಾನೊಬ್ಬನೇ. ಹಾಗೇ ಮತ್ತೆ ಕೂತೆ. ಕೊನೆಯ ಹೆಸರು ಮೇಲೆ ಹೋಗಿ, ಕೊನೆಯ ಸ್ವರ ಪೂರ್ತಿ ಆರಿ, ಆಮೇಲೆ ಮೆಲ್ಲಗೆ ದೀಪ ಹತ್ತಿತು. ಆಗ ಜನ ಎದ್ದರು.

ನೆದರ್ಲೆಂಡ್ಸಿನ ಐಂಡ್‌ಹೋವನ್‌ಗೆ ಬಂದು ನನಗೆ ಒಂಬತ್ತು ವರ್ಷ. ಊರು ಹಾಸನ. ಇಲ್ಲಿನ ಎಷ್ಟೋ ಪದ್ಧತಿ ನನಗೆ ಇನ್ನೂ ಹಿಡಿಸಿಲ್ಲ. ಸಂಜೆ ಆರಕ್ಕೆ ಊಟ ಮಾಡುವುದು, ನೆಂಟರ ಮನೆಗೂ ಹೇಳಿ ಕೇಳಿ ಹೋಗುವುದು, ಇವೆಲ್ಲ ಬೇಡವೇ ಬೇಡ. ಆದರೆ ಅವತ್ತು ಆ ಹಾಲ್‌ನಲ್ಲಿ ಜನ ಕೂತಿದ್ದ ರೀತಿ ಇದೆಯಲ್ಲ, ಅದನ್ನು ಮಾತ್ರ ಕಟ್ಟಿಕೊಂಡು ಊರಿಗೆ ತೆಗೆದುಕೊಂಡು ಹೋಗಬೇಕು ಅನ್ನಿಸಿತು.

ಅವತ್ತು ನೋಡಿದ್ದು 1982ರ ‘ಕೊಯಾನಿಸ್ಕಾಟ್ಸಿ’. ಹೆಸರು ಅಮೆರಿಕದ ಹೋಪಿ ಜನರ ಭಾಷೆಯದು. ಹದ ತಪ್ಪಿದ ಬದುಕು ಅನ್ನಬಹುದು. ಗಾಡ್‌ಫ್ರೆ ರೆಜಿಯೊ ಅದರ ನಿರ್ದೇಶಕ. ಸುಮಾರು ಒಂದೂವರೆ ಗಂಟೆ. ಮಾತಿಲ್ಲ, ಕಥೆಯಿಲ್ಲ, ನಾಯಕನಿಲ್ಲ. ಬೆಟ್ಟ, ಮೋಡ, ಕಾರ್ಖಾನೆ, ರಸ್ತೆ, ಜನ ಅಷ್ಟೇ. ಉಳಿದದ್ದೆಲ್ಲ ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಅವರ ಸಂಗೀತ. ಕೆಲವು ಕಡೆ ಸಂಗೀತವನ್ನು ಮೊದಲು ಮಾಡಿ, ಅದಕ್ಕೆ ಹೊಂದುವ ಹಾಗೆ ಚಿತ್ರವನ್ನು ಕತ್ತರಿಸಿ ಜೋಡಿಸಿದ್ದಾರೆ. ನಮ್ಮಲ್ಲಿ ಹಾಡಿಗೆ ಬಿಟ್ಟರೆ ಸಂಗೀತಕ್ಕೆ ಈ ಮರ್ಯಾದೆ ಎಲ್ಲಿ ಸಿಗುತ್ತದೆ?

ಗ್ಲಾಸ್ ಅವರದ್ದನ್ನು ಮಿನಿಮಲಿಸಂ ಅನ್ನುತ್ತಾರೆ. ಆ ಹೆಸರು ಅವರಿಗೆ ಅಷ್ಟು ಇಷ್ಟವಿಲ್ಲ. ಕೇಳುವವನ ಕಡೆಯಿಂದ ಹೇಳುವುದಾದರೆ ಸಂಗತಿ ಸರಳ. ನಾಲ್ಕೈದು ಸ್ವರ ಹಿಡಿಯುತ್ತಾರೆ. ಅದನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಾರೆ. ಇನ್ನೇನು ಸಾಕಪ್ಪಾ ಅನ್ನುವ ಹೊತ್ತಿಗೆ ಒಂದು ಸ್ವರ ಸೇರುತ್ತದೆ. ಇನ್ನೆಲ್ಲೋ ಒಂದು ಉದುರುತ್ತದೆ. ಏನೋ ಬದಲಾಯಿತು ಅಂತ ಗೊತ್ತಾಗುತ್ತದೆ, ಯಾವಾಗ ಬದಲಾಯಿತು ಅಂತ ಗೊತ್ತಾಗುವುದಿಲ್ಲ. ಆ ಸಿನಿಮಾದಲ್ಲಿ ನಗರದ ಓಡಾಟದ ಒಂದು ಭಾಗ ಬರುತ್ತದೆ. ಕಾರುಗಳ ದೀಪ ಗೆರೆಗೆರೆಯಾಗಿ ಹರಿಯುತ್ತವೆ, ಜನ ಎಸ್ಕಲೇಟರಿನಿಂದ ಸುರಿಯುತ್ತಾರೆ. ಸಂಗೀತ ಸುಮಾರು ಇಪ್ಪತ್ತು ನಿಮಿಷ ಬಿಡದೆ ಸುತ್ತುತ್ತದೆ. ಕೂತಲ್ಲೇ ನನ್ನ ಬೆರಳು ತೊಡೆ ಮೇಲೆ ಎಣಿಸಲು ಶುರು ಮಾಡಿತ್ತು.

ಹೊರಗೆ ಬಂದಾಗ ಜೊತೆಗಿದ್ದ ಆಫೀಸಿನ ಡಚ್ ಗೆಳೆಯ ಕೇಳಿದರು. “ಇವರು ಎಣಿಸುವುದನ್ನು ಕಲಿತದ್ದು ನಿಮ್ಮವರ ಹತ್ತಿರ ಅಲ್ವಾ?” ನನಗೆ ಗೊತ್ತಿರಲಿಲ್ಲ. ಮಳೆ ಹನಿಯುತ್ತಿತ್ತು. ಸೈಕಲ್ ಬೀಗ ತೆಗೆಯುತ್ತಾ ಅವರೇ ಹೇಳಿದರು. 1960ರ ದಶಕದ ಮಧ್ಯದಲ್ಲಿ ಗ್ಲಾಸ್ ಪ್ಯಾರಿಸ್‌ನಲ್ಲಿ ಓದುತ್ತಿದ್ದರು. ಆಗ ಪಂಡಿತ್ ರವಿಶಂಕರ್ ಅಲ್ಲಿ ಒಂದು ಸಿನಿಮಾಕ್ಕೆ ಸಂಗೀತ ಮಾಡುತ್ತಿದ್ದರು. ಅದನ್ನು ಅಲ್ಲಿನ ವಾದ್ಯದವರಿಗೆ ಅವರ ಲಿಪಿಯಲ್ಲಿ ಬರೆದು ಕೊಡುವ ಕೆಲಸ ಗ್ಲಾಸ್ ಅವರಿಗೆ ಸಿಕ್ಕಿತು. ಅವರು ತಮ್ಮ ಪದ್ಧತಿಯಂತೆ ನಡುನಡುವೆ ಗೆರೆ ಎಳೆದು ಬರೆದರು. ನುಡಿಸಿದರೆ ಒತ್ತು ಎಲ್ಲೆಲ್ಲೋ ಬೀಳುತ್ತಿತ್ತು. ತಬಲಾದ ಅಲ್ಲಾ ರಖಾ ಅವರು, ಹಾಗಲ್ಲ, ಎಲ್ಲ ಸ್ವರವೂ ಒಂದೇ ಸಮ ಅಂತ ಮತ್ತೆ ಮತ್ತೆ ಹೇಳಿದರಂತೆ. ಕೊನೆಗೆ ಗ್ಲಾಸ್ ಗೆರೆಗಳನ್ನೆಲ್ಲ ಅಳಿಸಿ ನೋಡಿದರೆ, ಎರಡು ಮೂರರ ಗುಂಪುಗಳು ಸಾಲಾಗಿ ಹರಿಯುವುದು ಕಣ್ಣಿಗೆ ಕಂಡಿತು. ಮುಂದೆ ಅದೇ ಅವರ ಸಂಗೀತದ ಬೇರಾಯಿತು. 1990ರಲ್ಲಿ ಗ್ಲಾಸ್ ಮತ್ತು ರವಿಶಂಕರ್ ಇಬ್ಬರೂ ಸೇರಿ ಒಂದು ಆಲ್ಬಂ ಮಾಡಿದರು. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದ ದಿನಗಳ ಬಗ್ಗೆ ಗ್ಲಾಸ್ ಬರೆದ ‘ಸತ್ಯಾಗ್ರಹ’ ಒಪೆರಾದಲ್ಲಿ ಹಾಡುವುದೆಲ್ಲ ಭಗವದ್ಗೀತೆಯ ಸಂಸ್ಕೃತ ಸಾಲುಗಳು. ಅದು ಮೊದಲು ರಂಗಕ್ಕೆ ಬಂದದ್ದು 1980ರಲ್ಲಿ, ರಾಟರ್‌ಡ್ಯಾಮ್‌ನಲ್ಲಿ. ನನ್ನ ಮನೆಯಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ.

ನಮ್ಮ ಹಿತ್ತಿಲ ಗಿಡದ ಗುಣವನ್ನು ಪರಊರಿನವರ ಬಾಯಿಂದ ಕೇಳಿದಾಗ ಹೊಟ್ಟೆಯೊಳಗೆ ಏನೋ ಚುಚ್ಚುತ್ತದೆ. ನನಗೂ ಹಾಗೇ ಆಯಿತು. ಯಾಕೆಂದರೆ ಎಂಟನೇ ಕ್ಲಾಸಿನಿಂದ ಎರಡು ವರ್ಷ ಹಾಸನದಲ್ಲಿ ನಾನು ಮೃದಂಗ ಕಲಿತಿದ್ದೆ. ಮೊದಲ ಮೂರು ತಿಂಗಳು ಮೇಷ್ಟ್ರು ಮೃದಂಗ ಮುಟ್ಟಲು ಬಿಡಲಿಲ್ಲ. ಚಾಪೆ ಮೇಲೆ ಕೂರಿಸಿ ಬಾಯಲ್ಲಿ ಹೇಳಿಸುತ್ತಿದ್ದರು. ತಕಿಟ ತಕಿಟ ತಕ. ಮೂರು, ಮೂರು, ಎರಡು. ಒಟ್ಟು ಎಂಟು. ಒಂದು ಕೈಯಲ್ಲಿ ಆದಿತಾಳ, ಬಾಯಲ್ಲಿ ಇದು. ಎರಡೂ ಬೇರೆ ದಾರಿಯಲ್ಲಿ ಹೋಗಿ ಕೊನೆಗೆ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದು ಸೇರಿದಾಗ ಮೇಷ್ಟ್ರ ಮುಖ ಅರಳುತ್ತಿತ್ತು. ಎಸ್ಸೆಸ್ಸೆಲ್ಸಿ ಬಂತು, ಮೃದಂಗ ಬಿಟ್ಟೆ. ಗ್ಲಾಸ್ ಅವರ ಪಿಯಾನೊದಲ್ಲಿ ಒಂದು ಕೈ ಎರಡು ಎಣಿಸುವಾಗ ಇನ್ನೊಂದು ಕೈ ಮೂರು ಎಣಿಸುತ್ತದೆ. ಅದನ್ನು ಕೇಳಿದಾಗಲೆಲ್ಲ ನನಗೆ ಆ ಚಾಪೆಯೇ ನೆನಪಾಗುತ್ತದೆ.

ಇದನ್ನೆಲ್ಲ ಮನೆಯವರಿಗೆ ಕೇಳಿಸಬೇಕು ಅಂತ ಡಿಸೆಂಬರ್‌ನಲ್ಲಿ ಊರಿಗೆ ಹೋದೆ.

ಹಾಸನದ ಮನೆಗೆ ಅಕ್ಕ, ಭಾವ, ಅಕ್ಕನ ಮಗಳು ಬಂದಿದ್ದರು. ರಾತ್ರಿ ಊಟ ಆದ ಮೇಲೆ ಟಿವಿಯಲ್ಲಿ ‘ದಿ ಅವರ್ಸ್’ ಹಾಕಿದೆ. 2002ರ ಸಿನಿಮಾ. ಮೂವರು ಹೆಂಗಸರು. ಒಬ್ಬಳು 1923ರಲ್ಲಿ, ಒಬ್ಬಳು 1951ರಲ್ಲಿ, ಒಬ್ಬಳು 2001ರಲ್ಲಿ. ಮೂವರದ್ದೂ ಒಂದೊಂದು ದಿನ. ಗ್ಲಾಸ್ ಇಲ್ಲಿ ಕಾಲ ಬದಲಾದಾಗ ಸಂಗೀತಕ್ಕೆ ಬೇರೆ ಬಟ್ಟೆ ತೊಡಿಸುವುದಿಲ್ಲ. ಪಿಯಾನೊ ಮತ್ತು ತಂತಿವಾದ್ಯ ಒಂದು ಕಾಲದಲ್ಲಿ ಶುರುವಾಗಿ, ಎಲ್ಲೂ ನಿಲ್ಲದೆ ಇನ್ನೊಂದು ಕಾಲಕ್ಕೆ ದಾಟುತ್ತದೆ. ಕೇಳುತ್ತಾ ಕೇಳುತ್ತಾ ಮೂವರದ್ದೂ ಒಂದೇ ದಿನ, ಒಂದೇ ಸಂಕಟ ಅನ್ನಿಸಿಬಿಡುತ್ತದೆ. ಇದನ್ನು ಮಾತಿನಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಸೀರಿಯಲ್‌ಗಳಲ್ಲಿ ಅತ್ತೆ ತಿರುಗಿ ನೋಡಿದರೆ ಮೂರು ಸಲ ಢಂ ಢಂ ಢಂ. ಅಳು ಬರಬೇಕಾದರೆ ಪಿಟೀಲು. ನಾವು ಏನು ಅಂದುಕೊಳ್ಳಬೇಕು ಅನ್ನುವುದನ್ನು ಅದೇ ಹೇಳಿಬಿಡುತ್ತದೆ. ಗ್ಲಾಸ್ ಸುಮ್ನೆ ಜೊತೆಯಲ್ಲಿ ನಡೆಯುತ್ತಾರೆ. ಅಳುವುದು ಬಿಡುವುದು ನಮಗೆ ಬಿಟ್ಟದ್ದು.

ಹತ್ತು ನಿಮಿಷ ಆಗಿತ್ತು. ಅಮ್ಮ ಕೇಳಿದರು. “ಹಾಡು ಯಾವಾಗ ಶುರುವಾಗುತ್ತೆ?”

ಭಾವ ದಿಂಬಿಗೆ ಒರಗಿದ್ದವರು ಹೇಳಿದರು. “ಅದೇ ಅದೇ ಬರ್ತಿದೆಯಲ್ಲೋ. ಎಲ್ಲೋ ಸಿಕ್ಕಾಕ್ಕೊಂಡಿದೆ ನೋಡು.”

“ಇಲ್ಲ ಭಾವ, ಅದು ಹಾಗೇ ಇರೋದು.”

“ಆಸ್ಕರ್ ಬಂದಿದೆಯಾ ಇವರಿಗೆ?”

“ಮೂರು ಸಲ ನಾಮಿನೇಟ್ ಆಗಿದ್ರು. ಈ ಸಿನಿಮಾಕ್ಕೂ ಆಗಿತ್ತು. ಬರ್ಲಿಲ್ಲ.”

“ಮತ್ತೆ!”

ನಲವತ್ತೊಂದು ವರ್ಷದ ತನಕ ನ್ಯೂಯಾರ್ಕ್‌ನಲ್ಲಿ ಟ್ಯಾಕ್ಸಿ ಓಡಿಸಿ, ನಲ್ಲಿ ರಿಪೇರಿ ಮಾಡಿ ಸಂಗೀತ ಬರೆದವರು ಅಂತ ಹೇಳಿದೆ. ಅಕ್ಕ ‘ಪಾಪ’ ಅಂದಳು. ಅಷ್ಟರಲ್ಲಿ ಫೋನ್ ಬಂತು, ಯಾರೋ ಲೈಟ್ ಹಾಕಿದರು, ಸಿನಿಮಾ ಅಲ್ಲಿಗೇ ನಿಂತಿತು. ನನಗೆ ನಿಜಕ್ಕೂ ಬೇಜಾರಾಯಿತು.

ಅದಕ್ಕಿಂತ ಜಾಸ್ತಿ ಬೇಜಾರಾದದ್ದು ಎರಡು ದಿನ ಬಿಟ್ಟು ಒಂದು ಕನ್ನಡ ಸಿನಿಮಾದ ಮ್ಯಾಟಿನಿಗೆ ಹೋದಾಗ. ಒಳ್ಳೆಯ ಸಿನಿಮಾ. ಕೊನೆಯ ದೃಶ್ಯದಲ್ಲಿ ಮಾತು ನಿಂತು, ಒಂದು ಕೊಳಲು ಮಾತ್ರ ಉಳಿದಿತ್ತು. ಮೈ ಜುಮ್ಮೆಂದಿತು. ಅಷ್ಟರಲ್ಲಿ ಪಕ್ಕದ ಬಾಗಿಲನ್ನು ಧಡಾರನೆ ತೆಗೆದರು. ಮಧ್ಯಾಹ್ನದ ಬಿಸಿಲು ಪರದೆ ಮೇಲೆ ಬಿತ್ತು. ಜನ ಆಗಲೇ ಚಪ್ಪಲಿ ಮೆಟ್ಟಿ ಸಾಲಾಗಿ ಇಳಿಯುತ್ತಿದ್ದರು. ಹೆಸರುಗಳು ಶುರುವಾದ ಎರಡನೇ ನಿಮಿಷಕ್ಕೆ ಪ್ರೊಜೆಕ್ಟರ್ ಆರಿಸಿದರು. ಆ ಕೊಳಲು ಯಾರದ್ದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನುಡಿಸಿದವರ ಹೆಸರು ಖಂಡಿತ ಅಲ್ಲಿ ಇದ್ದಿರುತ್ತದೆ. ಓದಲು ನಾವು ಬಿಡಲಿಲ್ಲ.

ನಾನು ಹೇಳುತ್ತಿರುವುದು ಇಷ್ಟೇ. ನಮ್ಮಲ್ಲಿ ಸಿನಿಮಾ ಸಂಗೀತ ಅಂದರೆ ಹಾಡು, ಬಿಜಿಎಂ ಅಂದರೆ ಹೀರೋ ಎಂಟ್ರಿ. ಮಿಕ್ಕದ್ದು ಕಿವಿಗೆ ಬೀಳುವುದೇ ಇಲ್ಲ. ಬೀಳಲು ಸಮಯವನ್ನೂ ಕೊಡುವುದಿಲ್ಲ. ಐಂಡ್‌ಹೋವನ್‌ನ ಆ ಹೆಂಗಸಿಗೆ ತಕಿಟ ಗೊತ್ತಿಲ್ಲ, ತಕ ಗೊತ್ತಿಲ್ಲ. ಆದರೂ ಕೊನೆಯ ಸ್ವರದ ತನಕ ಕೂತಿದ್ದರು. ಎಣಿಸಲು ಬರುವ ನಾವು ಮಾತ್ರ ಪಾರ್ಕಿಂಗ್‌ನಲ್ಲಿ ಗಾಡಿ ತೆಗೆಯಲು ಓಡುತ್ತೇವೆ.

ಅಕ್ಕನ ಮಗಳಿಗೆ ಮಾತ್ರ ಸ್ವಲ್ಪ ಕುತೂಹಲ ಇತ್ತು. ಸೆಕೆಂಡ್ ಪಿಯು ಓದುತ್ತಾಳೆ. ಅವರ ಊರು ಬೇಲೂರಿನ ಹತ್ತಿರ. ಅವರನ್ನು ಬಿಡಲು ಹೋದವನು ಮಾರನೇ ದಿನ ಅವಳನ್ನು ಹಳೇಬೀಡಿಗೆ ಕರೆದುಕೊಂಡು ಹೋದೆ. ದೇವಸ್ಥಾನದ ಬುಡದಲ್ಲಿ ಆನೆಗಳ ಸಾಲು ಇದೆಯಲ್ಲ, ಅದರ ಮುಂದೆ ಕುಕ್ಕರಗಾಲಲ್ಲಿ ಕೂರಿಸಿದೆ. ಒಂದೊಂದಾಗಿ ನೋಡು ಅಂದೆ. ಮೊದಲ ನೋಟಕ್ಕೆ ಎಲ್ಲ ಒಂದೇ ಆನೆ. ಹತ್ತಿರ ಹೋದರೆ ಒಂದರ ಸೊಂಡಿಲು ಒಳಗೆ ಸುರುಳಿ ಸುತ್ತಿದೆ, ಮುಂದಿನದ್ದು ಇಷ್ಟೇ ಇಷ್ಟು ಬಿಚ್ಚಿದೆ. ಒಂದರ ಕಾಲು ಊರಿದೆ, ಇನ್ನೊಂದರದ್ದು ಎದ್ದಿದೆ. ಗ್ಲಾಸ್ ಮಾಡುವುದೂ ಇದನ್ನೇ ಅಂದೆ. ಅವಳು ಏನೂ ಹೇಳಲಿಲ್ಲ. ಫೋನ್ ತೆಗೆದು, ಸಾಲಿನ ಪಕ್ಕದಲ್ಲೇ ಬೇಗ ಬೇಗ ನಡೆಯುತ್ತಾ ವಿಡಿಯೊ ಮಾಡಿದಳು. ಆಮೇಲೆ ತಂದು ತೋರಿಸಿದಳು. “ನೋಡು ಮಾಮ, ಒಂದೇ ಆನೆ ನಡೀತಿದೆ.”

ಆ ವಿಡಿಯೊ ನನ್ನ ಫೋನಿನಲ್ಲಿ ಈಗಲೂ ಇದೆ.

ಇನ್ನು ನನ್ನ ದೂರಿಗೆ ವಿರುದ್ಧವಾದದ್ದನ್ನೂ ಹೇಳಿಬಿಡಬೇಕು. ಕಡಿಮೆ ಸಂಗೀತದಲ್ಲಿ ಜಾಸ್ತಿ ಹೇಳಿದವರು ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಬಿ.ವಿ. ಕಾರಂತರು ಇದ್ದರು. 1977ರ ‘ಘಟಶ್ರಾದ್ಧ’ದ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ‘ಚೋಮನ ದುಡಿ’ಯಲ್ಲಿ ಒಂದು ದುಡಿಯ ಸದ್ದು ಎಷ್ಟು ಹೇಳುತ್ತದೆ ಅನ್ನುವುದು ನೋಡಿದವರಿಗೆ ಗೊತ್ತು. ಮತ್ತೆ, ಐಂಡ್‌ಹೋವನ್‌ನ ಹಾಲ್‌ನಲ್ಲಿ ಎಲ್ಲರೂ ಸುಮ್ಮನೆ ಕೂತಿರುತ್ತಾರೆ ನಿಜ. ಯಾರ ತಲೆಯೂ ತೂಗುವುದಿಲ್ಲ, ಯಾರ ಬಾಯಿಂದಲೂ ಒಂದು ‘ಆಹಾ’ ಬರುವುದಿಲ್ಲ. ಖುಷಿಯಾಯಿತಾ ಇಲ್ಲವಾ ಅಂತ ಪಕ್ಕದವರಿಗೂ ತಿಳಿಯುವುದಿಲ್ಲ. ಅದು ನನಗೆ ಬೇಕಾದದ್ದಲ್ಲ.

ಇನ್ನೊಂದು ಮಾತು ಹೇಳಲು ಮನಸ್ಸಿರಲಿಲ್ಲ, ಹೇಳದಿದ್ದರೆ ತಪ್ಪಾಗುತ್ತದೆ. ಅಷ್ಟರಲ್ಲೇ ವೈಕುಂಠ ಏಕಾದಶಿ ಬಂತು. ಭಾವನ ಊರಿನ ದೇವಸ್ಥಾನದಲ್ಲಿ ರಾತ್ರಿಯಿಡೀ ಭಜನೆ. ಕಾಫಿ ಕುಯ್ಲಿನ ಕಾಲ. ಭಾವ ಬೆಳಗ್ಗೆಯಿಂದ ತೋಟ, ಕಣ ಅಂತ ನಿಂತೇ ಇದ್ದವರು. ನಾನು ಹನ್ನೊಂದಕ್ಕೆ ಹೋಗಿ ಮಲಗಿದೆ. ಮೂರು ಗಂಟೆಗೆ ಚಳಿಗೆ ಎಚ್ಚರವಾಯಿತು. ಮಂಜಿನಲ್ಲಿ ತಾಳದ ಸದ್ದು ಬರುತ್ತಿತ್ತು. ಶಾಲು ಹೊದ್ದು ಹೋದೆ.

ಹತ್ತೋ ಹನ್ನೆರಡೋ ಜನ ಇದ್ದರು. ನಡುವೆ ಭಾವ. ಕೈಯಲ್ಲಿ ತಾಳ, ಕಣ್ಣು ಮುಚ್ಚಿದೆ. ಪಾಂಡುರಂಗ ವಿಠಲ, ಅಷ್ಟೇ. ಬೇರೆ ಸಾಲಿಲ್ಲ. ಅವರು ಹೇಳುತ್ತಾರೆ, ಮಿಕ್ಕವರು ಹಿಂದೆ ಹೇಳುತ್ತಾರೆ. ಎಷ್ಟು ಹೊತ್ತಿಂದ ಇದೇ ನಡೆದಿದೆ ಅಂತ ಪಕ್ಕದವರನ್ನು ಕೇಳಿದೆ. “ಒಂದೂವರೆಯಿಂದ” ಅಂದರು. ಗೋಡೆಗೆ ಒರಗಿ ಕೂತೆ. ಅದೇ, ಅದೇ, ಅದೇ. ಆಮೇಲೆ ಯಾವಾಗಲೋ ಗೊತ್ತಾಯಿತು, ವಿಠಲದ ಕೊನೆಯ ಅಕ್ಷರ ಮೊದಲಿಗಿಂತ ಚಿಕ್ಕದಾಗಿದೆ. ನಡೆ ಒಂದು ಎಳೆಯಷ್ಟು ಬಿಗಿಯಾಗಿದೆ. ಯಾರೂ ಬದಲಾಯಿಸಿದ ಹಾಗಿರಲಿಲ್ಲ. ಎಲ್ಲರೂ ಬದಲಾಗಿದ್ದರು. ನನ್ನ ಬೆರಳು ತೊಡೆ ಮೇಲೆ ಎಣಿಸುತ್ತಿತ್ತು.

ನಾಲ್ಕರ ಹೊತ್ತಿಗೆ ಒಂದು ಕ್ಷಣ ಎಲ್ಲ ನಿಂತಿತು. ಮುಗಿಯಿತು ಅಂದುಕೊಂಡು ಎದ್ದೆ. ಭಾವ ಕಣ್ಣು ಬಿಟ್ಟು ನನ್ನನ್ನು ನೋಡಿದರು.

“ಕೂತ್ಕೊಳೋ. ಇನ್ನೂ ಮುಗಿದಿಲ್ಲ.”

ಮಂಗಳಾರತಿ ಆಗುವ ತನಕ ಒಬ್ಬರೂ ಏಳಲಿಲ್ಲ.

ಮುಂದಿನ ಡಿಸೆಂಬರ್‌ಗೆ ಮತ್ತೆ ಬರುತ್ತೇನೆ. ಭಾವನನ್ನು ಹಾಸನದ ಥಿಯೇಟರ್‌ಗೆ ಕರೆದುಕೊಂಡು ಹೋಗುವುದು ಅಂತ ಆಗಲೇ ಮಾತಾಗಿದೆ. ಯಾವ ಸಿನಿಮಾ ಆದರೂ ಸರಿ. ಕೊನೆಯ ಹೆಸರು ಹೋಗುವ ತನಕ ಎದ್ದರೆ ಕೇಳಿ ಅಂದಿದ್ದೇನೆ. ‘ಬಾಗಿಲು ತೆಗೆದರೆ?’ ಅಂದರು ಭಾವ. ತೆಗೆಯಲಿ, ನಾವು ಕೂತಿರೋಣ ಅಂದೆ.