ಬಂಗಲೆ, ಕಾರು, ಆಳು

ನಿನ್ನೆ ನಮ್ಮ ಅತ್ತೆ ಮಗಳ ಮನೆಯ ಗೃಹಪ್ರವೇಶ. ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿ ಒಬ್ಬ ಹುಡುಗ. ಡಿಗ್ರಿ ಮುಗಿಸಿ ವಿಜಯನಗರದಲ್ಲಿ ಕೋಚಿಂಗ್ ಸೇರಿದ್ದಾನಂತೆ. ಎಲೆಗೆ ಕೋಸಂಬರಿ ಬೀಳುತ್ತಿದ್ದರೂ ಕಣ್ಣು ಮೊಬೈಲಿನಲ್ಲೇ. ಐಎಎಸ್ ಆದರೆ ಏನೇನು ಸಿಗುತ್ತೆ ಅನ್ನುವ ರೀಲ್ಸ್. ನನಗೆ ಬಾಯಿ ಸುಮ್ನಿರಲ್ಲ, ನಿಮಗೆ ಗೊತ್ತಲ್ಲ. ‘ಏನೇನು ಸಿಗುತ್ತಪ್ಪಾ?’ ಅಂದೆ. ಬೆರಳು ಮಡಚುತ್ತಾ ಹೇಳಿದ: ‘ಬಂಗಲೆ, ಕಾರು, ಕರೆಂಟು, ಆಳು. ಎಲ್ಲಾ ಫ್ರೀ ಅಂಕಲ್.’

ಆಳು! ಕರೆಂಟು ಬಿಲ್ಲಿನ ಪಕ್ಕದಲ್ಲಿ.

ಆಮೇಲೆ ಊಟ ಸೇರಲಿಲ್ಲ. (ಹೋಳಿಗೆ ಎರಡು ತಿಂದೆ, ಸುಳ್ಳು ಯಾಕೆ.)

ನಮ್ಮಪ್ಪ ದಲಾಯತ್, ಅಂದರೆ ಸರ್ಕಾರಿ ಕಚೇರಿಯ ಜವಾನ, ಆಗಿದ್ದವರು ಅಂತ ಹಳೇ ಗೆಳೆಯರಿಗೆಲ್ಲ ಗೊತ್ತು. ಸರ್ಕಾರ ಅವರನ್ನು ತೆಗೆದುಕೊಂಡದ್ದು ಕಚೇರಿಯ ಫೈಲ್ ಹೊರುವುದಕ್ಕೆ. ಅವರು ಜಾಸ್ತಿ ಹೊತ್ತದ್ದು ಸಾಹೇಬರ ಮನೆಯ ತರಕಾರಿ ಚೀಲ. ಬೆಳಿಗ್ಗೆ ಆರಕ್ಕೆ ಹಾಲು, ಎಂಟಕ್ಕೆ ಮಕ್ಕಳ ಸ್ಕೂಲ್ ಬ್ಯಾಗ್, ಹತ್ತಕ್ಕೆ ಕಚೇರಿಯಲ್ಲಿ ಸಹಿ, ಹನ್ನೊಂದಕ್ಕೆ ಮತ್ತೆ ಅಡುಗೆಮನೆಯಲ್ಲಿ ಈರುಳ್ಳಿ. ನನ್ನ ಶಾಲೆಯ ಫಾರಂನಲ್ಲಿ ತಂದೆಯ ಉದ್ಯೋಗ ಅಂತ ಇದ್ದ ಕಡೆ ನಾನು ‘ಸರ್ಕಾರಿ ನೌಕರ’ ಅಂತಷ್ಟೇ ಬರೆಯುತ್ತಿದ್ದೆ.

ದೊಡ್ಡ ಹುದ್ದೆಯವರ ಸಂಬಳದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಕೇಂದ್ರದ 7ನೇ ವೇತನ ಆಯೋಗದ ಪ್ರಕಾರ ಹೊಸ ಐಎಎಸ್‌ನ ಮೂಲ ವೇತನ 56,100 ರೂಪಾಯಿ. ತುತ್ತತುದಿಯ ಸಂಪುಟ ಕಾರ್ಯದರ್ಶಿಗೆ 2,50,000. ತುಟ್ಟಿಭತ್ಯೆ ಬೇರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಅದಕ್ಕಿಂತ ಹೆಚ್ಚು ಎಣಿಸುವವರು ಬೇಕಾದಷ್ಟು ಜನ ಇದ್ದಾರೆ. ಇನ್ನು ‘ಸಾಯೋವರೆಗೂ ಪಿಂಚಣಿ’ ಅಂತ ಆ ಹುಡುಗ ಇನ್ನೊಂದು ಬೆರಳು ಮಡಚಿದ. 2004ರಿಂದೀಚೆಗೆ ಸೇರಿದ ಐಎಎಸ್‌ಗೂ, ಸಂಬಳದಿಂದ ಏನೂ ಕಟ್ಟದೆ ಸಿಗುತ್ತಿದ್ದ ಆ ಹಳೇ ಪಿಂಚಣಿ ಇಲ್ಲ ಕಣಪ್ಪಾ ಅಂದೆ. ರೀಲ್ಸ್‌ನಲ್ಲಿ ಹಾಗೆ ಹೇಳಿಲ್ಲ ಅಂದ. ಸರಿ, ಬಿಡು.

ಸಂಬಳಕ್ಕೆ ಒಂದು ಲೆಕ್ಕ ಇದೆ. ಆಯೋಗ ಕೂರುತ್ತೆ, ಆದೇಶ ಹೊರಡುತ್ತೆ, ಪತ್ರಿಕೆಯಲ್ಲಿ ಬರುತ್ತೆ, ನಾವು ಬೈಯಬಹುದು. 2025ರ ಮಾರ್ಚ್‌ನಲ್ಲಿ ನಮ್ಮ ಶಾಸಕರು ಗದ್ದಲದ ನಡುವೆಯೇ ತಮ್ಮ ಸಂಬಳವನ್ನು 40,000ದಿಂದ 80,000ಕ್ಕೆ ಏರಿಸಿಕೊಂಡರಲ್ಲ, ಆಗ ಎಷ್ಟು ಬೈದೆವು! ಚೆನ್ನಾಗಿಯೇ ಬೈದೆವು. ಆದರೆ ಸಾಹೇಬರ ಮನೆಯಲ್ಲಿ ಈರುಳ್ಳಿ ಹೆಚ್ಚುವ ಮನುಷ್ಯ ಯಾವ ಆದೇಶದಲ್ಲಿದ್ದಾನೆ? ಹುಡುಕಿ, ಸಿಗಲ್ಲ. ಅವನು ಕಚೇರಿಯ ಹಾಜರಿ ಪುಸ್ತಕದಲ್ಲಿ ಇರುತ್ತಾನೆ. ಪೊಲೀಸ್ ಇಲಾಖೆಯಲ್ಲಿ ಆರ್ಡರ್ಲಿ ಪದ್ಧತಿ (ಸಿಬ್ಬಂದಿಯನ್ನು ಸಾಹೇಬರ ಮನೆಗೆಲಸಕ್ಕೆ ಹಚ್ಚುವುದು) ರದ್ದು ಅಂತ ನಮ್ಮ ರಾಜ್ಯದಲ್ಲೇ ಆದೇಶ ಆಗಿದೆ. ಆದೇಶ ಅಂದ ಮೇಲೆ ಮುಗೀತು, ಅಲ್ವಾ?

ಈಗಲೇ ಯಾರೋ ಕಾಮೆಂಟ್ ಟೈಪ್ ಮಾಡುತ್ತಿರುತ್ತೀರಿ. ‘ಊರು ಮುಳುಗಿದರೆ ರಾತ್ರಿ ಎರಡು ಗಂಟೆಗೆ ಡಿಸಿ ಎದ್ದು ಓಡಬೇಕು, ಅವರು ಅಡುಗೆ ಮಾಡಿಕೊಂಡು ಕೂರೋಕಾಗುತ್ತಾ?’ ಆಗಲ್ಲ, ಒಪ್ಪಿದೆ. ಅದೇ ಎರಡು ಗಂಟೆಗೆ ಜಿಲ್ಲಾಸ್ಪತ್ರೆಯಲ್ಲಿ ನಿಂತಿರುವ ನರ್ಸ್ ಮನೆಗೆ ಯಾರನ್ನು ಕಳಿಸುತ್ತೀರಿ? ಡಿಸಿಗೆ ಅಡುಗೆಯವರು ಬೇಕಾ? ಭತ್ಯೆ ಕೊಡಿ, ಐವತ್ತು ಸಾವಿರ ಬೇಕಾದರೂ ಕೊಡಿ, ಅವರೇ ಇಟ್ಟುಕೊಳ್ಳಲಿ. ಅದಕ್ಕೂ ಒಂದು ಲೆಕ್ಕ ಇರುತ್ತೆ.

ಅಪ್ಪನ ಕಾಲವೇ ವಾಸಿ ಅನ್ನಿಸುತ್ತೆ ಒಮ್ಮೊಮ್ಮೆ. ಅವರು ಕಾಯಂ. 2024ರ ಆಗಸ್ಟ್‌ನಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ಆಯಿತು, ಸಂತೋಷ. ಆದರೆ ಈಗ ಸಾಹೇಬರ ಮನೆ ಬಾಗಿಲಲ್ಲಿ ನಿಲ್ಲುವ ಹುಡುಗ ಹೆಚ್ಚಾಗಿ ಹೊರಗುತ್ತಿಗೆಯವನು. ಅವನಿಗೆ ಆ 27,000 ಅನ್ವಯಿಸಲ್ಲ. ‘ಆಗಲ್ಲ ಸಾರ್’ ಅಂದರೆ ನಾಳೆ ಬೇರೆ ಹುಡುಗ.

ಇಷ್ಟೆಲ್ಲ ಕೂಗಾಡಿ ಒಂದು ಮಾತು ಬಚ್ಚಿಟ್ಟರೆ ತಪ್ಪಾಗುತ್ತೆ. ಪಿಯುಸಿ ಆದಮೇಲೆ ನನಗೆ ಹಾಸ್ಟೆಲ್ ಸೀಟು ಸಿಗಲಿಲ್ಲ. ಅಪ್ಪ ಸಾಹೇಬರ ಹತ್ತಿರ ಹೇಳಿಕೊಂಡರು. ಒಂದು ಫೋನು, ಸೀಟು ಸಿಕ್ಕಿತು. ನನ್ನ ಜಾಗದಲ್ಲಿ ಇರಬೇಕಾದ ಹುಡುಗ ಯಾರೋ, ಎಲ್ಲಿಗೆ ಹೋದನೋ, ನಾನು ವಿಚಾರಿಸಲೂ ಇಲ್ಲ. ಆ ಈರುಳ್ಳಿಯ ಋಣದಲ್ಲೇ ನಾನು ಓದಿದ್ದು.

ರಾತ್ರಿ ಅಪ್ಪನಿಗೆ ಇದನ್ನು ಓದಿ ಹೇಳಿದೆ. ‘ಆ ಸಾಹೇಬ್ರು ಒಳ್ಳೇವ್ರು ಕಣೋ, ಅದನ್ನೂ ಬರಿ’ ಅಂದರು. ಬರೆದಿದ್ದೇನೆ.

ಆ ಹುಡುಗ ಬೆಳಿಗ್ಗೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ದ. ಅಕ್ಸೆಪ್ಟ್ ಮಾಡಿಯೇ ಇದನ್ನು ಹಾಕುತ್ತಿದ್ದೇನೆ.