ಪುಟ ಎಷ್ಟಾಯ್ತು?

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಪಿಎಚ್.ಡಿ. ಮಾಡುತ್ತಿರುವವರು ಎದುರು ಸಿಕ್ಕರೆ ಜನ ಕೇಳುವುದು ಎರಡೇ ಪ್ರಶ್ನೆ: ‘ಪುಟ ಎಷ್ಟಾಯ್ತು?’, ‘ಸಬ್ಮಿಟ್ ಯಾವಾಗ?’ ‘ನೀವು ಹೇಳ್ತಿರೋದೇನು?’ ಅನ್ನುವವರು ಅಪರೂಪ. ಸ್ವೀಡನ್ನಿನಲ್ಲಿ ಕುಳಿತು ನೋಡುವಾಗ ಇದರಲ್ಲಿ ಅರ್ಧ ತಪ್ಪು ಥೀಸಿಸ್ಸಿಗೆ ನಾವು ಇಟ್ಟುಕೊಂಡ ‘ಪ್ರಬಂಧ’ ಎಂಬ ಪದದ್ದೇ ಅನ್ನಿಸುತ್ತದೆ.

ಥೀಸಿಸ್ ಎಂಬ ಗ್ರೀಕ್ ಪದಕ್ಕೆ ‘ಮುಂದಿಟ್ಟದ್ದು’ ಎಂದರ್ಥ. ನಾಲ್ಕು ಜನರ ಮುಂದಿಟ್ಟು, ಅಲ್ಲಗಳೆಯುವುದಾದರೆ ಅಲ್ಲಗಳೆಯಿರಿ ಎನ್ನುವ ಮಾತು. ನಮ್ಮ ತರ್ಕದ ಪರಂಪರೆಯಾದ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಸರಿಸಾಟಿ ಪದವೇ ಇದೆ: ಪ್ರತಿಜ್ಞೆ, ಅಂದರೆ ಸಾಧಿಸಿ ತೋರಿಸಬೇಕಾದ ಮಾತು. ಅದಾದ ಮೇಲೆ ಹೇತು (ಕಾರಣ), ಉದಾಹರಣೆ, ಉಪನಯ (ಉದಾಹರಣೆಯನ್ನು ಇಲ್ಲಿಗೆ ಹೊಂದಿಸುವುದು), ನಿಗಮನ (ತೀರ್ಮಾನ). ನಾವು ಮಾತ್ರ ಶಾಲೆಯಲ್ಲಿ ಹಸುವಿನ ಮೇಲೆ ಬರೆದ ‘ಪ್ರಬಂಧ’ವನ್ನೇ ಹಿಗ್ಗಿಸಿದೆವು. ಎಂ.ಎ.ಗೆ ಕಿರುಪ್ರಬಂಧ, ಎಂ.ಫಿಲ್.ಗೆ ಸಂಪ್ರಬಂಧ, ಪಿಎಚ್.ಡಿ.ಗೆ ಮಹಾಪ್ರಬಂಧ. ಪದವೇ ಗಾತ್ರ ಹೇಳುವಾಗ ಜನ ಪುಟ ಎಣಿಸದೆ ಇನ್ನೇನು ಮಾಡುತ್ತಾರೆ?

ಇಂಗ್ಲಿಷಿನವರ ಮನೆಯೇನೂ ಅಚ್ಚುಕಟ್ಟಾಗಿಲ್ಲ. ಬ್ರಿಟನ್ನಿನಲ್ಲಿ ಪಿಎಚ್.ಡಿ.ಗೆ ಬರೆಯುವುದು ಥೀಸಿಸ್, ಎಂ.ಎ.ಗೆ ಡಿಸರ್ಟೇಶನ್. ಅಮೆರಿಕದಲ್ಲಿ ಸಾಮಾನ್ಯವಾಗಿ ಇದರ ತಿರುವುಮುರುವು. ನಮ್ಮದು ಬ್ರಿಟನ್ ದಾರಿ. ಹಾಗಾಗಿ ಮೈಸೂರಿನ ಎಂ.ಫಿಲ್. ಡಿಸರ್ಟೇಶನ್ ಅನ್ನು ಅಮೆರಿಕದ ಅರ್ಜಿಯಲ್ಲಿ ಹಾಗೇ ಬರೆದರೆ ಅಲ್ಲಿಯವರು ಪಿಎಚ್.ಡಿ. ಎಂದು ಓದಿಕೊಳ್ಳಬಹುದು. ಪಕ್ಕದಲ್ಲಿ ಪದವಿಯ ಹೆಸರು ಬರೆದುಬಿಡುವುದು ಕ್ಷೇಮ. ಯುಜಿಸಿಯ 2022ರ ನಿಯಮ ಬಂದಮೇಲೆ ಎಂ.ಫಿಲ್. ನಿಂತೇ ಹೋಗಿದೆ, ಹಳಬರಿಗೆ ಮಾತ್ರ ಈ ತೊಡಕು.

ರೋಗ ಶೀರ್ಷಿಕೆಯಲ್ಲೇ ಕಾಣುತ್ತದೆ. ‘ಮಂಡ್ಯ ಜಿಲ್ಲೆಯ ಆಲೆಮನೆಗಳು: ಒಂದು ಅಧ್ಯಯನ’ ಎಂದಿಟ್ಟುಕೊಳ್ಳಿ. ಮೊದಲ ಅಧ್ಯಾಯ ಜಿಲ್ಲೆಯ ಪರಿಚಯ: 1939ರಲ್ಲಿ ಮೈಸೂರಿನಿಂದ ಬೇರೆಯಾದದ್ದು, ಏಳು ತಾಲ್ಲೂಕು, ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ. ಎರಡನೆಯದು ಕಬ್ಬಿನ ಇತಿಹಾಸ. ಮೂರನೆಯದು ಪೂರ್ವ ಅಧ್ಯಯನಗಳ ಸಮೀಕ್ಷೆ, ಅಂದರೆ ಅವರು ಹೀಗೆಂದರು, ಇವರು ಹಾಗೆಂದರು. 150 ಪುಟ ದಾಟಿದರೂ ಕೊಪ್ಪರಿಗೆಯ ಕೆಳಗೆ ಇನ್ನೂ ಬೆಂಕಿ ಹತ್ತಿರುವುದಿಲ್ಲ.

ಇದನ್ನೇ ಪ್ರತಿಜ್ಞೆ ಮಾಡಿ ನೋಡಿ: ‘ರೈತನು ಸಕ್ಕರೆ ಕಾರ್ಖಾನೆ ಬಿಟ್ಟು ಆಲೆಮನೆಗೆ ಕಬ್ಬು ಹೊಡೆಯುವುದು ಹೆಚ್ಚು ಬೆಲೆಗಲ್ಲ, ಬೇಗ ಕೈಗೆ ಬರುವ ದುಡ್ಡಿಗೆ.’ ನಿಜವೋ ಸುಳ್ಳೋ ಆಮೇಲಿನ ಮಾತು. ಏನು ಹುಡುಕಬೇಕು ಅನ್ನುವುದಂತೂ ಗೊತ್ತಾಯಿತು. ಒಂದೇ ಊರಲ್ಲಿ, ಒಂದೇ ಹಂಗಾಮಿನಲ್ಲಿ ಎರಡೂ ಕಡೆ ಕಬ್ಬು ಕೊಟ್ಟವರ ತೂಕದ ಚೀಟಿ, ಹಣ ಕೈಸೇರಿದ ತಾರೀಖು, ಕಡಿಯುವ ಕೂಲಿ ಯಾರ ತಲೆಗೆ ಬಿತ್ತು ಎಂಬ ಲೆಕ್ಕ. ಕಾರ್ಖಾನೆ ನಿಯಮದಂತೆ 14 ದಿನದೊಳಗೆ ಬಟವಾಡೆ ಮಾಡಿದ ವರ್ಷವೂ ಕಬ್ಬು ಆಲೆಮನೆಗೇ ಹೋಗಿದ್ದರೆ ವಾದ ಬಿದ್ದುಹೋಗುತ್ತದೆ. ಹೀಗೆ ಬೀಳಬಹುದಾದ್ದರಿಂದಲೇ ಅದು ಥೀಸಿಸ್. ‘ಒಂದು ಅಧ್ಯಯನ’ವನ್ನು ಯಾರೂ ಬೀಳಿಸಲಾರರು, ಅದು ನಿಂತೇ ಇರುವುದಿಲ್ಲವಲ್ಲ.

ಸ್ವೀಡನ್ನಿನಲ್ಲಿ ಮುಂದಿಡುವುದೆಂದರೆ ಅಕ್ಷರಶಃ ಮುಂದಿಡುವುದು. ಪುಸ್ತಕ ಮೊದಲೇ ಅಚ್ಚಾಗುತ್ತದೆ. ಮೌಖಿಕ ಪರೀಕ್ಷೆಗೆ ಸಾಮಾನ್ಯವಾಗಿ ಮೂರು ವಾರ ಮುಂಚೆ ಅದರ ಮೂಲೆಗೆ ತೂತು ಕೊರೆದು, ವಿಶ್ವವಿದ್ಯಾನಿಲಯದ ಹಲಗೆಗೋ ಮರದ ದಿಮ್ಮಿಗೋ ಸುತ್ತಿಗೆಯಲ್ಲಿ ಮೊಳೆ ಹೊಡೆದು ನೇತುಹಾಕುತ್ತಾರೆ. ಬೇಕಾದವರು ಓದಿಕೊಂಡು ಬರಲಿ ಅಂತ. ಆ ದಿನ ಪ್ರಶ್ನೆ ಕೇಳಲೆಂದೇ ಹೊರಗಿನಿಂದ ಒಬ್ಬ ಪ್ರತಿವಾದಿ ಬರುತ್ತಾನೆ, ಅವನ ಪದನಾಮವೇ ‘ಒಪೊನೆಂಟ್’. ತೀರ್ಪು ಮಾತ್ರ ಮೂವರು ಅಥವಾ ಐವರ ಬೇರೆ ಸಮಿತಿಯದು. ತೀರಾ ವಿಶೇಷ ಕಾರಣವಿಲ್ಲದಿದ್ದರೆ ಮಾರ್ಗದರ್ಶಕರಿಗೆ ಅದರಲ್ಲಿ ಜಾಗವಿಲ್ಲ. ಮೇಲುಕೋಟೆಯ ವಿದ್ವಾಂಸರು ಇದನ್ನು ನೋಡಿದರೆ ಪೂರ್ವಪಕ್ಷ (ಎದುರಾಳಿಯ ವಾದ), ಸಿದ್ಧಾಂತ (ಅದನ್ನು ಎದುರಿಸಿ ನಿಲ್ಲುವ ತೀರ್ಮಾನ) ಎಂದು ಥಟ್ಟನೆ ಗುರುತು ಹಿಡಿದಾರು. ನಮ್ಮ ಸರಕು, ಅವರ ಅಂಗಡಿ.

ನಮ್ಮಲ್ಲಿ ಗೈಡ್ ಕೂಡ ಒಬ್ಬ ಪರೀಕ್ಷಕ. ಅವರ ಜೊತೆಗೆ ಹೊರಗಿನವರು ಕನಿಷ್ಠ ಇಬ್ಬರು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಗೈಡ್ ಮತ್ತು ಆ ಇಬ್ಬರಲ್ಲಿ ಒಬ್ಬರಾದರೂ ಕೂರಬೇಕು. ತಾವೇ ತಿದ್ದಿದ ಪ್ರಬಂಧಕ್ಕೆ ತಾವೇ ಅಂಕ ಹಾಕುವ ಈ ಏರ್ಪಾಡು ನನಗೆ ಒಪ್ಪಿಗೆಯಿಲ್ಲ. ಆದರೆ ಒಂದು ವಿಷಯದಲ್ಲಿ ನಮ್ಮದೇ ಮೇಲು: ಹೊರಗಿನವರ ಲಿಖಿತ ವರದಿ ಬಂದಮೇಲೇ ವೈವಾ, ತಿದ್ದುಪಡಿಗೆ ಅವಕಾಶ ಉಂಟು. ಸ್ವೀಡನ್ನಿನಲ್ಲಿ ಅಚ್ಚಾದ ಪುಸ್ತಕಕ್ಕೆ ಒಪ್ಪೋಲೆಯ (ತಪ್ಪು ತಿದ್ದುವ ಪಟ್ಟಿಯ) ಚೀಟಿ ಅಂಟಿಸಬಹುದು, ಅಷ್ಟೆ.

ಮುಂದಿಡುವ ಮಾತು ಬಂದದ್ದರಿಂದ ಇನ್ನೊಂದು. ಕನ್ನಡದ ಎಷ್ಟೋ ಮಹಾಪ್ರಬಂಧಗಳು ಡಿಟಿಪಿ ಅಂಗಡಿಯಲ್ಲಿ ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸುವ ಹಳೆಯ ನುಡಿ ಫಾಂಟಿನಲ್ಲಿ ತಯಾರಾದವು. ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ಅಂಥ ಪಿಡಿಎಫ್ ಇದ್ದರೂ ಕನ್ನಡದ ಪದ ಕೊಟ್ಟು ಹುಡುಕಿದರೆ ಸಿಗದು. ಕಾಪಿ ಮಾಡಿ ಅಂಟಿಸಿದರೆ ‘ಕನ್ನಡ’ ಎಂಬ ಮೂರಕ್ಷರ ರೋಮನ್ ಅಕ್ಷರ, ಪೌಂಡ್ ಚಿಹ್ನೆಗಳ ಕಲಸುಮೇಲೋಗರವಾಗಿ ಬೀಳುತ್ತದೆ. ಕೃತಿಚೌರ್ಯದ ತಪಾಸಣೆಗೂ ಇದೇ ಗತಿ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ. 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ಅಂತರ್ಜಾಲದ ಯೂನಿಕೋಡ್ (ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ವ್ಯವಸ್ಥೆ) ಲೇಖನದಿಂದ ಎತ್ತಿದ ಪುಟ ನುಡಿ ಫಾಂಟಿನಲ್ಲಿದ್ದರೆ ತಂತ್ರಾಂಶಕ್ಕೆ ತಾಳೆಯೇ ಆಗುವುದಿಲ್ಲ.

ಟೈಪಿಂಗಿಗೆ ಕೊಡುವಾಗಲೇ ಯೂನಿಕೋಡ್ ಎಂದು ಹೇಳಿ. ಆಗಲೇ ಹಳೆಯ ಫಾಂಟಿನಲ್ಲಿ ಆಗಿಹೋಗಿದ್ದರೆ ಪರಿವರ್ತಕಕ್ಕೆ ಹಾಕಿ, ಆಮೇಲೆ ಮೂರು ಕಡೆ ಕಣ್ಣಿಡಿ: ಅರ್ಕಾವೊತ್ತು, ಅಡಿಟಿಪ್ಪಣಿಯ ಅಂಕಿ, ನಡುನಡುವೆ ಬಂದ ಇಂಗ್ಲಿಷ್ ಪದ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ವ್ಯಂಜನದ ನಂತರ ಇಡುತ್ತಾರೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಎಡವಿದರೆ ‘ಧರ್ಮ’ದ ರಕಾರ ಮಕಾರದ ಆಚೆಗೆ ಹೋಗಿ ಕೂರುತ್ತದೆ. ಇಂಗ್ಲಿಷ್ ಪದಗಳಂತೂ ಕನ್ನಡವೆಂದೇ ತಿಳಿದು ಪರಿವರ್ತನೆಯಾಗಿ ಅರ್ಥವಿಲ್ಲದ ಅಕ್ಷರಗಳಾಗುತ್ತವೆ, ಗ್ರಂಥಋಣದ ಪುಟಗಳಲ್ಲಿ ಈ ಹಾವಳಿ ಹೆಚ್ಚು. ಬೈಂಡಿಂಗಿಗೆ ಕೊಡುವ ಮುಂಚೆ ಆ ಪುಟಗಳನ್ನು ಸಾಲುಸಾಲಾಗಿ ಓದಿ.